ಲಿನಕ್ಸ್ ಹಾಕಿಬಂದ ಅಗ್ಗದ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಪಿಯುಸಿ ಫಲಿತಾಂಶ ಬಂದು ಕಾಲೇಜು ಸೇರುವ ದಿನಗಳು ಹತ್ತಿರವಾದಂತೆ ತುಮಕೂರು, ತಿಪಟೂರು, ಶಿರಾ, ಮಧುಗಿರಿ ಕಡೆಯ ಓದುಗರಿಂದ ಪ್ರತಿವರ್ಷವೂ ಒಂದೇ ಪ್ರಶ್ನೆ ಬರುತ್ತದೆ. ಒಂದೇ ಕಂಪನಿಯ, ಒಂದೇ ಪ್ರೊಸೆಸರಿನ ಲ್ಯಾಪ್‌ಟಾಪು ಎರಡು ಬೆಲೆಗೆ ಸಿಗುತ್ತಿದೆ, ಕಡಿಮೆ ಬೆಲೆಯದರಲ್ಲಿ ವಿಂಡೋಸ್ ಇಲ್ಲ, ಬದಲಿಗೆ ಲಿನಕ್ಸ್ ಅಥವಾ ಡಾಸ್ ಇದೆಯಂತೆ, ಅದನ್ನು ಕೊಳ್ಳಬಹುದೇ ಎಂಬುದೇ ಆ ಪ್ರಶ್ನೆ. ಇದರ ಬೆನ್ನಿಗೇ ಅಂಗಡಿಯವರ ಮಾತೂ ಇರುತ್ತದೆ: "ಧೈರ್ಯವಾಗಿ ತಗೊಳ್ಳಿ ಸಾರ್, ವಿಂಡೋಸ್ ನಾವೇ ಹಾಕಿ ಕೊಡ್ತೀವಿ."

ಕೊಳ್ಳಬಹುದು. ಆದರೆ ಅಂಗಡಿಯವರು ಅದರಲ್ಲಿರುವುದನ್ನು ಅಳಿಸುವ ಮೊದಲು ಅದರಲ್ಲಿ ಏನಿದೆ ಎಂದು ನೀವು ನೋಡಿರಬೇಕು. ಈ ಒಂದು ಎಚ್ಚರಿಕೆ ತಪ್ಪಿದ್ದರಿಂದಲೇ ಹೆಚ್ಚಿನ ತೊಂದರೆಗಳು ಆಗುತ್ತಿವೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಕ್ಕನ ಮಗನಿಗೆ ತಂದ, ಉಬುಂಟು ಎಂಬ ಲಿನಕ್ಸ್ ಇದ್ದ ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ಅಳಿಸಿ, ಪರವಾನಗಿ ಇಲ್ಲದ ವಿಂಡೋಸ್ ತುಂಬಿ ಕೊಟ್ಟರು. ತಿಂಗಳೊಳಗೆ ವೈ-ಫೈ ಕೈಕೊಟ್ಟಿತು. ಮೂಲ ಸ್ಥಿತಿಗೆ ಮರಳಿಸೋಣವೆಂದರೆ, ಅದಕ್ಕೆಂದೇ ಕಂಪನಿಯವರು ಡಿಸ್ಕಿನಲ್ಲಿ ಇಟ್ಟಿದ್ದ ಭಾಗವೂ ಅಳಿಸಿಹೋಗಿತ್ತು.

ಕಂಪ್ಯೂಟರಿನ ಯಂತ್ರಭಾಗಗಳನ್ನು ನಡೆಸುತ್ತ, ನಾವು ಬಳಸುವ ಇತರ ತಂತ್ರಾಂಶಗಳಿಗೆ ನೆಲೆ ಒದಗಿಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣಾ ವ್ಯವಸ್ಥೆ ಅಥವಾ ಓಎಸ್ ಎನ್ನುತ್ತಾರೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಲು, ತಿದ್ದಲು, ಹಂಚಲು ಪರವಾನಗಿಯೇ ಅನುಮತಿ ಕೊಟ್ಟಿದ್ದರೆ ಅದು ಮುಕ್ತ ಆಕರದ ಓಎಸ್. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ತಿರುಳಿನ ಸುತ್ತ ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಹಲವು ವಿತರಣೆಗಳು, ಎಂದರೆ ಬಳಕೆಗೆ ಸಿದ್ಧವಾದ ಕಟ್ಟುಗಳು, ಬೆಳೆದಿವೆ. ಇವನ್ನು ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಹಾಕಿ ಮಾರುವುದು ಹೊಸದೇನಲ್ಲ. 2007ರಲ್ಲಿ ಬಂದ ಏಸುಸ್ ಕಂಪನಿಯ ಪುಟ್ಟ ಈಈ ಪಿಸಿ ಲಿನಕ್ಸ್ ಹೊತ್ತೇ ಬಂದಿತ್ತು. ಡೆಲ್ ಕಂಪನಿಯೂ ಅದೇ ವರ್ಷ ಉಬುಂಟು ಹಾಕಿದ ಕಂಪ್ಯೂಟರುಗಳನ್ನು ಮಾರತೊಡಗಿತು. ಬೆಲೆ ಇಳಿಯುವುದಕ್ಕೆ ಮುಖ್ಯ ಕಾರಣ ವಿಂಡೋಸ್ ಪರವಾನಗಿಯ ಶುಲ್ಕ ಅದರಲ್ಲಿ ಸೇರಿಲ್ಲದಿರುವುದೇ ಹೊರತು ಯಂತ್ರ ಕಳಪೆ ಎಂದಲ್ಲ. ಆದರೂ ಯಂತ್ರವನ್ನು ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು. ಅದನ್ನು ಮೂರನೆಯ ಹಂತದಲ್ಲಿ ವಿವರಿಸಿದ್ದೇನೆ.

ಕೈಯಲ್ಲಿರಬೇಕಾದವು ಇಷ್ಟು: 16 ಜಿಬಿಯ ಒಂದು ಪೆನ್‌ಡ್ರೈವ್, ಡೇಟಾ ಇರುವ ಮೊಬೈಲ್ ಫೋನು ಮತ್ತು ಅದರ ಯುಎಸ್‌ಬಿ ಕೇಬಲ್, ನೀವು ಲ್ಯಾಪ್‌ಟಾಪಿನಲ್ಲಿ ಮಾಡಬೇಕೆಂದಿರುವ ಕೆಲಸಗಳ ಪಟ್ಟಿ, ಒಂದು ವಾರದ ತಾಳ್ಮೆ.

ಹಂತ 1: ಪೆಟ್ಟಿಗೆಯ ಮೇಲಿನ ಹೆಸರು ಓದಿ

"ವಿಂಡೋಸ್ ಇಲ್ಲ" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸರಕುಗಳಿರಬಹುದು. ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ಓಎಸ್ ಎಂಬ ಸಾಲನ್ನು ಹುಡುಕಿ ಓದಿ. ಮಾರಾಟಗಾರರ ಬಾಯಿಮಾತನ್ನು ಮಾತ್ರ ನಂಬಬೇಡಿ.

ಡಾಸ್ (ವಿಂಡೋಸಿಗೂ ಹಿಂದಿನ ಕಾಲದ ಓಎಸ್) ಅಥವಾ ಅದರ ಮುಕ್ತ ರೂಪವಾದ ಫ್ರೀಡಾಸ್ ಎಂದಿದ್ದರೆ, ದಿನಬಳಕೆಯ ಮಟ್ಟಿಗೆ ಅದರಲ್ಲಿ ಏನೂ ಇಲ್ಲವೆಂದೇ ತಿಳಿಯಿರಿ. ಫ್ರೀಡಾಸ್ 1994ರಲ್ಲಿ ಜಿಮ್ ಹಾಲ್ ಆರಂಭಿಸಿದ ಯೋಜನೆ. ಅದೂ ಅಪ್ಪಟ ಮುಕ್ತ ತಂತ್ರಾಂಶವೇ, ಹಳೆಯ ಡಾಸ್ ಆಟಗಳನ್ನೂ ತಂತ್ರಾಂಶಗಳನ್ನೂ ನಡೆಸುವವರಿಗೆ ಇಂದಿಗೂ ಉಪಯುಕ್ತವೇ. ಆದರೆ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿರುವುದು ಓಎಸ್ ಎಂಬ ಜಾಗ ಖಾಲಿ ಬಿಡಬಾರದೆಂದು ಮಾತ್ರ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ನಾಲ್ಕಾರು ಬಿಳಿ ಸಾಲುಗಳು ಕಾಣುತ್ತವೆ. ಮೌಸ್ ಬಾಣವಾಗಲಿ ವೈ-ಫೈ ಚಿಹ್ನೆಯಾಗಲಿ ಕಾಣುವುದಿಲ್ಲ. ಲ್ಯಾಪ್‌ಟಾಪು ಕೆಟ್ಟಿದೆಯೆಂದು ಇದನ್ನು ಮರುದಿನವೇ ಅಂಗಡಿಗೆ ಹೊತ್ತೊಯ್ದವರಿದ್ದಾರೆ. ಇಂಥದ್ದನ್ನು ಕೊಂಡರೆ ಓಎಸ್ ಹಾಕುವ ಕೆಲಸ ಪೂರ್ತಿ ನಿಮ್ಮದೇ.

ಉಬುಂಟು ಎಂದಿದ್ದರೆ ಅದು ಪೂರ್ಣ ಪ್ರಮಾಣದ ವ್ಯವಸ್ಥೆ. ಬ್ರೌಸರ್, ಕಡತಗಳ ನಿರ್ವಹಣೆ, ತಂತ್ರಾಂಶಗಳನ್ನು ಹುಡುಕಿ ಹಾಕಿಕೊಳ್ಳುವ ಆಪ್ ಸೆಂಟರ್, ಎಲ್ಲವೂ ಅದರಲ್ಲಿವೆ. ಕಂಪನಿಯೇ ಹಾಕಿ ಕಳಿಸಿದ್ದರಿಂದ ಆ ಮಾದರಿಯ ವೈ-ಫೈ, ಧ್ವನಿ, ಕ್ಯಾಮೆರಾಗಳಿಗೆ ಬೇಕಾದ ಡ್ರೈವರುಗಳೂ, ಅಂದರೆ ಯಂತ್ರದ ಬಿಡಿಭಾಗವನ್ನು ಓಎಸ್‌ಗೆ ಪರಿಚಯಿಸುವ ಪುಟ್ಟ ತಂತ್ರಾಂಶಗಳೂ, ಜತೆಗಿರುತ್ತವೆ. ನಾವೇ ಕೈಯಾರೆ ಹಾಕಿಕೊಳ್ಳುವುದಕ್ಕೂ ಹಾಕಿಬಂದದ್ದನ್ನು ಕೊಳ್ಳುವುದಕ್ಕೂ ಇರುವ ನಿಜವಾದ ವ್ಯತ್ಯಾಸ ಇದೇ.

ಎಂಡ್‌ಲೆಸ್ ಓಎಸ್ ಎಂದಿದ್ದರೆ ಅದೂ ಲಿನಕ್ಸ್ ವಿತರಣೆಯೇ, ಆದರೆ ಸ್ವಭಾವ ಬೇರೆ. ಅದರ ಮೂಲ ವ್ಯವಸ್ಥೆಯನ್ನು ಬಳಕೆದಾರರು ತಿದ್ದಲಾಗದಂತೆ ಬೀಗ ಹಾಕಿಟ್ಟಿರುತ್ತಾರೆ. ಮಕ್ಕಳ ಕೈಯಲ್ಲಿ ಕೆಡುವುದು ಕಡಿಮೆ ಎಂಬುದು ಇದರ ಲಾಭ. ಫ್ಲ್ಯಾಟ್‌ಪ್ಯಾಕ್ ಎಂಬ ಮಾದರಿಯ ತಂತ್ರಾಂಶಗಳನ್ನು ಮಾತ್ರ ಸೇರಿಸಬಹುದು ಎಂಬುದು ಮಿತಿ. ಉಬುಂಟುಗೆಂದು ಬರೆದ ಸೂಚನೆಗಳು ಇಲ್ಲಿ ನಡೆಯುವುದಿಲ್ಲವಾದ್ದರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದನ್ನು ನಾನು ಹೇಳುವುದಿಲ್ಲ.

ನಾಲ್ಕನೆಯದು ಕ್ರೋಮ್ ಓಎಸ್ ಅಥವಾ ಆಂಡ್ರಾಯ್ಡ್ ಆಧಾರಿತ ವ್ಯವಸ್ಥೆ. ಇವುಗಳ ತಳದಲ್ಲೂ ಲಿನಕ್ಸ್ ಇದೆ, ಆದರೆ ಇವನ್ನು ಬಳಸುವ ರೀತಿ ಮೊಬೈಲಿಗೆ ಹತ್ತಿರ. ಕ್ರೋಮ್‌ಬುಕ್ ಕೊಳ್ಳುವವರು ಅದರ ಅಪ್‌ಡೇಟ್ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಮೊದಲು ನೋಡಬೇಕು. ಪ್ರತಿ ಮಾದರಿಗೂ ಅಂಥದ್ದೊಂದು ದಿನಾಂಕ ನಿಗದಿಯಾಗಿರುತ್ತದೆ, ಅದು ನೀವು ಕೊಂಡ ದಿನದಿಂದ ಲೆಕ್ಕವಾಗುವುದಿಲ್ಲ. ಮುಂದಿನ ಹಂತಗಳು ಮುಖ್ಯವಾಗಿ ಉಬುಂಟು ಕೊಂಡವರಿಗಾಗಿ.

ಹಂತ 2: ನಿಮ್ಮ ಕೆಲಸಗಳ ಪಟ್ಟಿಯನ್ನು ತಾಳೆ ನೋಡಿ

ಪಾಠದ ವಿಡಿಯೊ, ಇ-ಮೇಲ್, ಬ್ಯಾಂಕಿನ ಜಾಲತಾಣ, ಸೇವಾ ಸಿಂಧು ಅರ್ಜಿ, ಭೂಮಿ ತಾಣದಲ್ಲಿ ಪಹಣಿ ನೋಡುವುದು ಇವೆಲ್ಲ ಬ್ರೌಸರಿನ ಕೆಲಸಗಳಾದ್ದರಿಂದ ಓಎಸ್ ಯಾವುದೆಂಬುದು ಅಡ್ಡಬರುವುದಿಲ್ಲ. ವಾಟ್ಸ್‌ಆ್ಯಪ್ ಅನ್ನು ಬ್ರೌಸರಿನಲ್ಲೇ ತೆರೆಯಬಹುದು. ಪತ್ರ, ಲೆಕ್ಕಪಟ್ಟಿ, ಸೆಮಿನಾರಿನ ಸ್ಲೈಡುಗಳಿಗೆ ಲಿಬ್ರೆಆಫೀಸ್ ಇದೆ. ಸಿ, ಪೈಥಾನ್, ಜಾವಾ ಕಲಿಯುವವರಿಗಂತೂ ಲಿನಕ್ಸ್ ವಿಂಡೋಸಿಗಿಂತ ಅನುಕೂಲ.

ಟ್ಯಾಲಿ, ಆಟೊಕ್ಯಾಡ್, ಫೋಟೊಶಾಪ್ ಇವು ಲಿನಕ್ಸಿಗೆ ಬರುವುದಿಲ್ಲ. ಹೇಗೋ ಹೊಂದಿಸಿ ನಡೆಸುವ ದಾರಿಗಳಿದ್ದರೂ ಅದರ ಮೇಲೆ ಅನ್ನದ ಕೆಲಸ ನಿಂತಿರುವವರು ಆ ಸಾಹಸಕ್ಕೆ ಇಳಿಯಬಾರದು. ಬಿ.ಕಾಂ. ವಿದ್ಯಾರ್ಥಿಗಳು, ಮಂಡಿಯ ಲೆಕ್ಕ ಬರೆಯುವವರು, ಸಿವಿಲ್ ಡ್ರಾಯಿಂಗ್ ಮಾಡುವವರು ಪರವಾನಗಿ ಸಹಿತ ವಿಂಡೋಸ್ ಇರುವ ಲ್ಯಾಪ್‌ಟಾಪನ್ನೇ ಕೊಳ್ಳುವುದು ಒಳ್ಳೆಯದು, ಹಣ ಉಳಿಸಲು ಹೋಗಿ ಆಮೇಲೆ ಪರದಾಡಬೇಡಿ.

ಇವೆರಡರ ನಡುವೆ ಬರುವವು ಡಿಜಿಟಲ್ ಸಹಿಯ ಟೋಕನ್ ಮತ್ತು ಬೆರಳಚ್ಚು ಓದುವ ಸಾಧನ. ಗುತ್ತಿಗೆದಾರರು, ಲೆಕ್ಕಪರಿಶೋಧಕರ ಕಚೇರಿಯವರು, ಗ್ರಾಮ ಒನ್ ಕೇಂದ್ರ ನಡೆಸುವವರು ತಮ್ಮ ಸಾಧನದ ತಯಾರಕರ ತಾಣದಲ್ಲಿ ಲಿನಕ್ಸ್ ಡ್ರೈವರ್ ಇದೆಯೇ ಎಂದು ಹುಡುಕಿ ನೋಡದೆ ಹಣ ಕೊಡಬಾರದು. ಸಾಧನಕ್ಕೆ ಡ್ರೈವರ್ ಇದ್ದರೂ ನೀವು ಬಳಸುವ ತಾಣ ಕೇಳುವ ಸಹಾಯಕ ತಂತ್ರಾಂಶ ವಿಂಡೋಸಿಗೆ ಮಾತ್ರ ಇರಬಹುದು. ಎರಡನ್ನೂ ವಿಚಾರಿಸಿ.

ಹಂತ 3: ಅಂಗಡಿಯಲ್ಲೇ ಹತ್ತು ನಿಮಿಷ

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯದಾಗಲಿ, ಹಣ ಕೊಡುವ ಮುಂಚೆ ಲ್ಯಾಪ್‌ಟಾಪನ್ನು ಆನ್ ಮಾಡಿಸಿ ನೋಡುವ ಹಕ್ಕು ನಿಮಗಿದೆ. ಆನ್‌ಲೈನಿನಲ್ಲಿ ತರಿಸಿದವರು ಹಿಂದಿರುಗಿಸುವ ಗಡುವಿನೊಳಗೆ ಮನೆಯಲ್ಲೇ ಇದನ್ನು ಮಾಡಬೇಕು.

ಮೊದಲು ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ಅಬೌಟ್ (ಹೊಸ ಉಬುಂಟುವಿನಲ್ಲಿ ಸಿಸ್ಟಂ ಎಂಬುದರೊಳಗೆ) ಎಂಬಲ್ಲಿ ರ್‍ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ನೋಡಿ. ಉಬುಂಟುವಿನ 24.04 ಆವೃತ್ತಿಗೆ ಕನಿಷ್ಠ 4 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್ ಬೇಕು. ನಾಲ್ಕರಲ್ಲಿ ನಡೆಯುತ್ತದೆ, ಆದರೆ ಬ್ರೌಸರಿನಲ್ಲಿ ಏಳೆಂಟು ಪುಟ ತೆರೆದರೆ ಏದುಸಿರು ಬಿಡುತ್ತದೆ. 8 ಜಿಬಿ ಇದ್ದರೆ ನಿಶ್ಚಿಂತೆ. ಅಗ್ಗದ ಮಾದರಿಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುವುದುಂಟು. ಮುಂದೆ ಹೆಚ್ಚಿಸಬಹುದೇ, ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ ತಿಳಿಯಿರಿ. ಡಿಸ್ಕಿನ ವಿಷಯದಲ್ಲಿ ಇಎಂಎಂಸಿ ಎಂಬ ಪದ ಕಂಡರೆ ಎಚ್ಚರ. ಅದು ಮೊಬೈಲುಗಳಲ್ಲಿ ಬಳಸುವ ಬಗೆಯ ಸ್ಮರಣೆ, ಎಸ್‌ಎಸ್‌ಡಿಗಿಂತ ನಿಧಾನ, ಸಾಮಾನ್ಯವಾಗಿ ಬದಲಾಯಿಸಲು ಬರುವುದಿಲ್ಲ. 32 ಜಿಬಿಯ ಇಎಂಎಂಸಿ ಕೊಂಡರೆ ಓಎಸ್ ಕುಳಿತ ಮೇಲೆ ನಿಮಗೆ ಉಳಿಯುವುದು ಕೆಲವೇ ಜಿಬಿ. ಎಷ್ಟು ಅಗ್ಗವಾಗಿ ಸಿಕ್ಕರೂ ಅದನ್ನು ಬಿಟ್ಟುಬಿಡಿ.

ಅನಂತರ ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ವೈ-ಫೈ ಸೇರಿಸಿ ಒಂದು ವಿಡಿಯೊ ಹಾಕಿ. ಅದರಲ್ಲೇ ಧ್ವನಿಯ ಪರೀಕ್ಷೆಯೂ ಆಯಿತು. ಕ್ಯಾಮೆರಾ, ಮೈಕು, ಪರದೆಯ ಬೆಳಕು ಏರಿಸಿ ಇಳಿಸುವ ಕೀಲಿಗಳು, ಪ್ರತಿಯೊಂದು ಯುಎಸ್‌ಬಿ ಕಿಂಡಿ, ಇವನ್ನು ಒಂದೊಂದಾಗಿ ನೋಡಿ. ಕೊನೆಗೆ ಮುಚ್ಚಳ ಮುಚ್ಚಿ, ಒಂದು ನಿಮಿಷ ಬಿಟ್ಟು ತೆರೆಯಿರಿ. ಪರದೆ ಮತ್ತೆ ಬೆಳಗಬೇಕು, ವೈ-ಫೈ ತಾನಾಗಿಯೇ ಸೇರಿಕೊಳ್ಳಬೇಕು. ಲಿನಕ್ಸ್ ಲ್ಯಾಪ್‌ಟಾಪುಗಳು ಎಡವುವುದು ಹೆಚ್ಚಾಗಿ ಈ ಕೊನೆಯ ಪರೀಕ್ಷೆಯಲ್ಲೇ. ಅಂಗಡಿಯಲ್ಲಿ ಯಾರೂ ಇದನ್ನು ಮಾಡಿ ತೋರಿಸುವುದಿಲ್ಲ, ನೀವೇ ಮಾಡಬೇಕು.

ಜಿಎಸ್‌ಟಿ ಬಿಲ್ಲಿನಲ್ಲಿ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ಓಎಸ್ ಹೆಸರು ಮೂರೂ ಇರಲಿ. ಓಎಸ್ ಬದಲಾಯಿಸಿದರೆ ಯಂತ್ರದ ವಾರಂಟಿಗೆ ಧಕ್ಕೆಯಿದೆಯೇ ಎಂಬುದಕ್ಕೆ ಕಂಪನಿಯಿಂದ ಇ-ಮೇಲಿನಲ್ಲಿ ಉತ್ತರ ಪಡೆಯುವುದು ಲೇಸು.

ಹಂತ 4: ಮನೆಯಲ್ಲಿ ಮೊದಲ ಸಲ

ಚಾರ್ಜರ್ ಸಿಕ್ಕಿಸಿಯೇ ಆರಂಭಿಸಿ. ಭಾಷೆ, ಕೀಲಿಮಣೆ, ಸಮಯವಲಯ, ಬಳಕೆದಾರರ ಹೆಸರು, ಪಾಸ್‌ವರ್ಡ್ ಹೀಗೆ ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ಮೊದಲ ಕೀಲಿಮಣೆಯಾಗಿ ಇಂಗ್ಲಿಷನ್ನೇ ಆರಿಸಿ, ಕನ್ನಡವನ್ನು ಆಮೇಲೆ ಎರಡನೆಯದಾಗಿ ಸೇರಿಸಿಕೊಳ್ಳಿ. ಕನ್ನಡವೇ ಮೊದಲಿದ್ದರೆ ಪಾಸ್‌ವರ್ಡ್ ಬರೆಯುವಾಗ ಕನ್ನಡ ಅಕ್ಷರಗಳು ಬೀಳುತ್ತವೆ. ಪರದೆಯಲ್ಲಿ ಕಾಣುವುದು ಬರೀ ಚುಕ್ಕಿಗಳಾದ್ದರಿಂದ ತಪ್ಪು ಎಲ್ಲಿದೆಯೆಂದೇ ತಿಳಿಯದೆ ಒದ್ದಾಡಬೇಕಾಗುತ್ತದೆ.

ಡಿಸ್ಕನ್ನು ಗೂಢಲಿಪೀಕರಿಸಬೇಕೇ ಎಂದು ಕೇಳಿದರೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಬೀಗ ಹಾಕಬೇಕೇ ಎಂದು ಕೇಳಿದರೆ, ಯೋಚಿಸಿ ಒಪ್ಪಿಕೊಳ್ಳಿ. ಕಳವಾದರೆ ನಿಮ್ಮ ಕಡತಗಳು ಸುರಕ್ಷಿತ, ಆದರೆ ಪಾಸ್‌ವರ್ಡ್ ಮರೆತರೆ ನಿಮಗೂ ಸಿಗುವುದಿಲ್ಲ.

ರಿಕವರಿ ಮೀಡಿಯಾ, ಅಂದರೆ ಲ್ಯಾಪ್‌ಟಾಪನ್ನು ಮೂಲ ಸ್ಥಿತಿಗೆ ಮರಳಿಸಲು ಬೇಕಾಗುವ ಪ್ರತಿ, ಮಾಡಿಕೊಳ್ಳುವ ಆಯ್ಕೆ ಕಂಡರೆ ಅದನ್ನು ದಾಟಿ ಹೋಗಬೇಡಿ. ನಿಮ್ಮ ಪೆನ್‌ಡ್ರೈವ್ ಬೇಕಾಗುವುದು ಇಲ್ಲಿಯೇ. ಅದರಲ್ಲಿರುವ ಹಳೆಯ ಕಡತಗಳೆಲ್ಲ ಅಳಿಸುತ್ತವೆ, ಮೊದಲೇ ಬೇರೆಡೆ ತೆಗೆದಿಟ್ಟುಕೊಳ್ಳಿ. ಸಿದ್ಧವಾದ ಮೇಲೆ ಅದರ ಮೇಲೊಂದು ಚೀಟಿ ಅಂಟಿಸಿ, ಬಿಲ್ಲಿನ ಜತೆ ಬೀರುವಿನಲ್ಲಿಡಿ.

ಹಂತ 5: ಅಪ್‌ಡೇಟ್, ಅದರಲ್ಲೂ ಮೊಬೈಲ್ ಡೇಟಾದಲ್ಲಿ

ಉಬುಂಟುವಿನ ಆವೃತ್ತಿಯ ಅಂಕಿಯೇ ಅದರ ಹುಟ್ಟಿದ ತಿಂಗಳು. 24.04 ಎಂದರೆ 2024ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವವನ್ನು ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲವಿರುವ ಆವೃತ್ತಿ, ಎನ್ನುತ್ತಾರೆ. ಇವಕ್ಕೆ ಐದು ವರ್ಷ ಭದ್ರತಾ ಅಪ್‌ಡೇಟುಗಳು ಸಿಗುತ್ತವೆ. ನಡುವೆ ಬರುವ ಆವೃತ್ತಿಗಳಿಗೆ ಸಿಗುವುದು ಒಂಬತ್ತೇ ತಿಂಗಳು, ಆದ್ದರಿಂದ ಅವುಗಳ ತಂಟೆಗೆ ಹೋಗಬೇಡಿ.

ಅಂಗಡಿಯ ಅಟ್ಟದಲ್ಲಿ ಬಹುಕಾಲ ಕುಳಿತಿದ್ದ ಪೆಟ್ಟಿಗೆಯಲ್ಲಿ 18.04 ಅಥವಾ 20.04 ಇರುವುದುಂಟು. ಇವೆರಡರ ಸಾಮಾನ್ಯ ಬೆಂಬಲ ಈಗಾಗಲೇ ಮುಗಿದಿದೆ. ಹಾಗಿದ್ದರೆ ಒಂದೊಂದೇ ಎಲ್‌ಟಿಎಸ್ ಮೆಟ್ಟಿಲು ಹತ್ತಬೇಕು. 20.04ರಿಂದ ನೇರ 24.04ಕ್ಕೆ ಜಿಗಿಯಲಾಗದು, ನಡುವೆ 22.04ರಲ್ಲಿ ಕಾಲಿಡಲೇಬೇಕು. ಪ್ರತಿ ಮೆಟ್ಟಿಲಿಗೂ ಹಲವು ಜಿಬಿ ಡೇಟಾ, ಒಂದೆರಡು ಗಂಟೆ ಹಿಡಿಯುತ್ತದೆ. ನಡುವೆ ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ವ್ಯವಸ್ಥೆ ಅರ್ಧಕ್ಕೆ ನಿಲ್ಲುತ್ತದೆ. ಹಳ್ಳಿಯಲ್ಲಿರುವವರು ಲೋಡ್ ಶೆಡ್ಡಿಂಗ್ ಹೊತ್ತು ನೋಡಿಕೊಂಡು ಕುಳಿತುಕೊಳ್ಳಿ.

ವೈ-ಫೈ ಕಾಣಿಸದಿದ್ದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿ. ಸಾಮಾನ್ಯವಾಗಿ ಯಾವ ಡ್ರೈವರೂ ಇಲ್ಲದೆ ಇಂಟರ್ನೆಟ್ ಬರುತ್ತದೆ. ಅದರ ಬಲದ ಮೇಲೆ ಅಡಿಷನಲ್ ಡ್ರೈವರ್ಸ್ ಎಂಬ ಕಿಟಕಿಯಲ್ಲಿ ವೈ-ಫೈಗೆ ಬೇಕಾದದ್ದನ್ನು ಹುಡುಕಿ ಹಾಕಿಕೊಳ್ಳಬಹುದು. ಹಾಟ್‌ಸ್ಪಾಟನ್ನೇ ನಂಬಿದವರು ಆ ಸಂಪರ್ಕದ ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್, ಅಂದರೆ ಡೇಟಾಕ್ಕೆ ಮಿತಿಯಿದೆ, ಎಂಬ ಗುರುತು ಹಾಕಿಡಿ. ಇಲ್ಲದಿದ್ದರೆ ದಿನದ ಡೇಟಾವನ್ನು ಅಪ್‌ಡೇಟುಗಳು ಹಿನ್ನೆಲೆಯಲ್ಲೇ ತಿಂದು ಮುಗಿಸಬಹುದು.

ಹಂತ 6: ಕನ್ನಡ

ಕನ್ನಡ ಓದಲು ಏನೂ ಮಾಡಬೇಕಿಲ್ಲ, ಅಕ್ಷರಶೈಲಿಗಳು ಬಂದಿರುತ್ತವೆ. ಇನ್ನಷ್ಟು ಬೇಕೆಂದರೆ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳನ್ನು ಸೇರಿಸಿಕೊಳ್ಳಬಹುದು. ಗುಬ್ಬಿ ಎಂದೊಡನೆ ನಮ್ಮ ಜಿಲ್ಲೆಯವರಿಗೆ ತಾಲ್ಲೂಕು ನೆನಪಾಗುತ್ತದೆ, ಆದರೆ ಜತೆಗೆ ನವಿಲು ಇರುವುದರಿಂದ ಇದು ಹಕ್ಕಿಯೇ ಇರಬೇಕು.

ಬರೆಯಲು ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಇನ್‌ಪುಟ್ ಸೋರ್ಸ್ ಎಂಬಲ್ಲಿ ಕೂಡಿಸುವ ಚಿಹ್ನೆ ಒತ್ತಿ ಕನ್ನಡವನ್ನು ಹುಡುಕಿ. ಬರೀ ಕನ್ನಡ ಎಂದಿರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ನುಡಿ ತಂತ್ರಾಂಶದಲ್ಲಿ ಕೈಪಳಗಿದವರಿಗೆ ಬೇಕಾದದ್ದು ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಇದು ಎರಡು ರೂಪದಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ ಮೊದಲೇ ಇರುವ ಕಗಪದಲ್ಲಿ ಸ್ವರಗಳ ನಡವಳಿಕೆ ನುಡಿಯಂತಿರುವುದಿಲ್ಲ. ಐಬಸ್ ಎಂ17ಎನ್ ಎಂಬ ಕಟ್ಟನ್ನು ಸೇರಿಸಿಕೊಂಡು, ಒಮ್ಮೆ ಲಾಗ್ಔಟ್ ಆಗಿ ಬಂದರೆ ಕೆಜಿಪಿ ಎಂಬ ಹೆಸರಿನಲ್ಲಿ ಕಾಣುವುದು ನುಡಿಗೆ ಹೆಚ್ಚು ಹತ್ತಿರ. ಒತ್ತಕ್ಷರಕ್ಕೆ ಅಲ್ಲಿಯೂ ಎಫ್ ಕೀಲಿಯೇ. ಜಿ, ಯು, ಬಿ, ಎಫ್, ಬಿ, ಐ ಎಂದು ಒತ್ತಿದರೆ ಗುಬ್ಬಿ. ಇಂಗ್ಲಿಷ್ ಕನ್ನಡಗಳ ನಡುವೆ ಓಡಾಡಲು ಸೂಪರ್ ಕೀಲಿ, ಅಂದರೆ ವಿಂಡೋಸ್ ಗುರುತಿರುವ ಕೀಲಿ, ಹಿಡಿದು ಸ್ಪೇಸ್ ಒತ್ತಬೇಕು.

ಲಿಬ್ರೆಆಫೀಸಿನಲ್ಲಿ ಒಂದು ತೊಡಕಿದೆ. ಅದು ಭಾರತೀಯ ಲಿಪಿಗಳನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಪ್ರತ್ಯೇಕ ವರ್ಗದಲ್ಲಿಟ್ಟು, ಅದಕ್ಕೆ ಬೇರೆಯೇ ಅಕ್ಷರಶೈಲಿ, ಬೇರೆಯೇ ಗಾತ್ರ ಇಟ್ಟುಕೊಳ್ಳುತ್ತದೆ. ಶೈಲಿಯಲ್ಲಿ ಗಾತ್ರ 14 ಎಂದು ಕೊಟ್ಟರೂ ಕನ್ನಡ ಮಾತ್ರ ಪುಟ್ಟದಾಗಿ ಉಳಿದರೆ ಕಾರಣ ಇದೇ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಎಂದು ಹೋಗಿ ಆ ವರ್ಗಕ್ಕೆ ಕನ್ನಡವನ್ನು ಆರಿಸಿ, ಆಮೇಲೆ ಶೈಲಿಯಲ್ಲಿ ಆ ವರ್ಗದ ಗಾತ್ರವನ್ನೂ ಬದಲಾಯಿಸಿ.

ಹಳೆಯ ನುಡಿ ಕಡತಗಳದು ಇನ್ನೊಂದು ಸಮಸ್ಯೆ. ಡಿಟಿಪಿ ಅಂಗಡಿಯವರು ಕೊಟ್ಟ ಆಮಂತ್ರಣ ಪತ್ರಿಕೆ, ಸಂಘದ ವರದಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಲಿನಕ್ಸನ್ನು ದೂರಬೇಡಿ. ಆ ಕಡತ ಆಸ್ಕಿ ಎಂಬ ಹಳೆಯ ಪದ್ಧತಿಯದು. ಅದರಲ್ಲಿರುವುದು ಇಂಗ್ಲಿಷ್ ಅಕ್ಷರಗಳೇ, ನುಡಿಯ ಅಕ್ಷರಶೈಲಿ ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು ಅಷ್ಟೆ. ಅದನ್ನು ಇಂದಿನ ಪದ್ಧತಿಯಾದ ಯುನಿಕೋಡಿಗೆ ಪರಿವರ್ತಿಸಿದರೆ ಎಲ್ಲ ಕಡೆ ಸರಿಯಾಗಿ ಕಾಣುತ್ತದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಕಣ್ಣಿಟ್ಟು ಓದಿ, ತಪ್ಪುಗಳು ಉಳಿಯುವುದು ಅಲ್ಲಿಯೇ.

ಹಂತ 7: ಪ್ರಿಂಟರ್

ವೈ-ಫೈ ಇರುವ ಹೊಸ ಪ್ರಿಂಟರುಗಳು ಬಹುಮಟ್ಟಿಗೆ ಡ್ರೈವರ್ ಇಲ್ಲದೆ ನಡೆಯುತ್ತವೆ. ಹಳೆಯ ಲೇಸರ್ ಪ್ರಿಂಟರುಗಳಲ್ಲಿ, ಅದರಲ್ಲೂ ಕ್ಯಾನನ್ ಕಂಪನಿಯ ಕ್ಯಾಪ್ಟ್ ಎಂಬ ಪದ್ಧತಿಯವುಗಳಲ್ಲಿ, ಬಹಳ ಹೆಣಗಬೇಕಾಗುತ್ತದೆ. ಜೆರಾಕ್ಸ್ ಅಂಗಡಿಗೆ ಹೋಗಿ ಮುದ್ರಿಸುವವರು ಕಡತವನ್ನು ಪಿಡಿಎಫ್ ಮಾಡಿಕೊಂಡೇ ಹೋಗಿ. ಅಕ್ಷರಶೈಲಿ ಅದರೊಳಗೇ ಅಡಕವಾಗುವುದರಿಂದ ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಕೆಡುವುದಿಲ್ಲ.

ಹಂತ 8: ಒಂದು ವಾರದ ನಂತರ ನಿರ್ಧಾರ

ಎರಡನೆಯ ಹಂತದ ಪಟ್ಟಿಯಲ್ಲಿರುವ ಪ್ರತಿಯೊಂದು ಕೆಲಸವನ್ನೂ ಈ ಏಳು ದಿನಗಳಲ್ಲಿ ಒಮ್ಮೆಯಾದರೂ ಮಾಡಿ ನೋಡಿ, ಆಗದವನ್ನು ಬರೆದಿಡಿ. ಒಂದೋ ಎರಡೋ ಉಳಿದರೆ ಅವಕ್ಕೆ ಕಾಲೇಜಿನ ಪ್ರಯೋಗಾಲಯದ ಅಥವಾ ಸ್ನೇಹಿತರ ಕಂಪ್ಯೂಟರು ಸಾಕಾದೀತು. ನಿಧಾನವಾಗಿದೆ ಎಂಬುದೊಂದೇ ದೂರಾದರೆ ಲುಬುಂಟು, ಕ್ಸುಬುಂಟು ಮುಂತಾದ ಹಗುರ ರೂಪಗಳಿವೆ. ಇವನ್ನು ಪೆನ್‌ಡ್ರೈವಿನಿಂದಲೇ ಲೈವ್ ಆಗಿ, ಅಂದರೆ ಡಿಸ್ಕನ್ನು ಮುಟ್ಟದೆ, ನಡೆಸಿ ನೋಡಬಹುದು. ಇದಕ್ಕೆ ಬೇರೆ ಪೆನ್‌ಡ್ರೈವ್ ಬಳಸಿ, ರಿಕವರಿಯದನ್ನು ಅಳಿಸಬೇಡಿ. ಲೈವ್ ಆಗಿ ನೋಡುವಾಗ ಎಡವಿ ಇನ್‌ಸ್ಟಾಲ್ ಎಂಬುದನ್ನು ಒತ್ತಿ ಮುಂದುವರಿದರೆ ಡಿಸ್ಕಿನಲ್ಲಿರುವುದೆಲ್ಲ ಹೋಗಬಹುದು, ನೆನಪಿರಲಿ.

ವಿಂಡೋಸೇ ಬೇಕೆಂದು ಕಂಡುಬಂದರೆ ಪರವಾನಗಿಯ ಬೆಲೆಯನ್ನು ಲ್ಯಾಪ್‌ಟಾಪಿನ ಬೆಲೆಗೆ ಕೂಡಿಸಿ ನೋಡಿ. ಎಷ್ಟೋ ಸಲ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ನೂರಿನ್ನೂರು ರೂಪಾಯಿಗೆ ಯಾರಾದರೂ ಹಾಕಿಕೊಡುತ್ತೇನೆಂದರೆ ಅದು ಆಕ್ಟಿವೇಟರ್ ಎಂಬ ಕಳ್ಳಬೀಗದ ಕೈಯಿಂದ ತೆರೆದದ್ದು. ಅದನ್ನು ಓಡಿಸಲು ಆಂಟಿವೈರಸನ್ನು ಮೊದಲು ನಿಲ್ಲಿಸಿ ಎಂದು ಅವರು ಹೇಳುವುದನ್ನು ಗಮನಿಸಿ. ನೀವು ಬ್ಯಾಂಕಿನ ಪಾಸ್‌ವರ್ಡ್ ಬರೆಯುವುದೂ ಅದೇ ಯಂತ್ರದಲ್ಲಿ. ವಿಂಡೋಸ್ 10 ಹಾಕುತ್ತೇವೆಂದರಂತೂ ಒಪ್ಪಲೇಬೇಡಿ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣ ಕೊಟ್ಟು ಪರವಾನಗಿ ಪಡೆದವರು ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ತಮ್ಮ ಮಾದರಿಯ ವಿಂಡೋಸ್ ಡ್ರೈವರುಗಳಿವೆಯೇ ಎಂದು ನೋಡಿ, ವೈ-ಫೈಯದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ ಮೇಲೆಯೇ ಡಿಸ್ಕಿಗೆ ಕೈಹಾಕಬೇಕು.